ಗ್ಯಾಸ್ ತುಂಬುತ್ತಿದೆ, ಒಲೆ ಮಾತ್ರ ಹತ್ತುತ್ತಿಲ್ಲ: ಅಡುಗೆಮನೆ ಕಸದ ಬಯೋಗ್ಯಾಸ್ ತೊಟ್ಟಿ

ಹೊಸತೊಟ್ಟಿ
1000 ಲೀಟರ್‌ನ ಪ್ಲಾಸ್ಟಿಕ್ ಟ್ಯಾಂಕಿನ ನೆತ್ತಿ ಕೊಯ್ದು, ಅದರೊಳಗೆ 750 ಲೀಟರ್‌ನ ಇನ್ನೊಂದು ಟ್ಯಾಂಕನ್ನು ಬೋರಲು ಹಾಕಿ ಬಯೋಗ್ಯಾಸ್ ತೊಟ್ಟಿ ಮಾಡಿಕೊಂಡಿದ್ದೇನೆ. ಇಂದಿಗೆ 23 ದಿನ. ಮೊದಲ ದಿನ 40 ಕೆ.ಜಿ. ಸಗಣಿಯನ್ನು ನೀರಿನಲ್ಲಿ ಕದಡಿ ಸುರಿದೆ, ಉಳಿದದ್ದು ಬರೀ ನೀರು. ನಾಲ್ಕನೆಯ ದಿನದಿಂದ ಅಕ್ಕಪಕ್ಕದವರ ಕಸವನ್ನೂ ಸೇರಿಸಿಕೊಂಡು ದಿನಕ್ಕೆ 4-5 ಕೆ.ಜಿ. ಹಾಕುತ್ತಿದ್ದೇನೆ. ಮೇಲಿನ ಟ್ಯಾಂಕ್ ಗತ್ತಿನಿಂದ ಏರುತ್ತಿದೆ. ಆದರೆ ಒಲೆಗೆ ಕಡ್ಡಿ ಹಿಡಿದರೆ ಉರಿಯುವ ಕಡ್ಡಿಯೂ ಆರಿಹೋಗುತ್ತದೆ. ಏನೋ ಹುಳಿ ವಾಸನೆ. ‘ಬೆಂಕಿ ಆರಿಸುವ ಯಂತ್ರ ಮಾಡಿದ್ದೀಯ’ ಎಂದು ಮನೆಯವರು ನಗುತ್ತಿದ್ದಾರೆ. ಎಲ್ಲಿ ಎಡವಿದೆ?

ಕಸವೇರಸ
ಅಭಿನಂದನೆಗಳು! ಟ್ಯಾಂಕ್ ಏರುತ್ತಿದೆ ಎಂದರೆ ಅರ್ಧ ಯುದ್ಧ ಗೆದ್ದಂತೆ. ಕಸ ಇನ್ನಷ್ಟು ಹಾಕಿ, ಗ್ಯಾಸಿನ ಶಕ್ತಿ ತಾನಾಗಿ ಹೆಚ್ಚುತ್ತದೆ. ಪೊಟ್ಟಣದಲ್ಲಿ ಸಿಗುವ ಬ್ಯಾಕ್ಟೀರಿಯಾ ಪುಡಿಯನ್ನೂ ಬೆರೆಸಿ ನೋಡಿ.

ಹಳೆಯಡೋಲು
ಹಾಕಬೇಡಿ. ಇಂದಿನಿಂದಲೇ ತುತ್ತು ನಿಲ್ಲಿಸಿ. ತೊಟ್ಟಿಯ ಹೊಟ್ಟೆ ಕೆಟ್ಟಿದೆ.

ಅದರೊಳಗೆ ದುಡಿಯುವವರದು ಒಂದೇ ಗುಂಪಲ್ಲ. ಮೊದಲ ಗುಂಪು ಕಸವನ್ನು ಒಡೆದು ಹುಳಿ ಮಾಡುತ್ತದೆ. ಹುಳಿಯಾದದ್ದನ್ನು ತಿಂದು ಮೀಥೇನ್ ಬಿಡುವ ಗುಂಪು ಬೇರೆ. ಹುಳಿಗಾರರು ಗಂಟೆಗಳ ಲೆಕ್ಕದಲ್ಲಿ ಇಮ್ಮಡಿಯಾಗುತ್ತಾರೆ, ಮೀಥೇನ್‌ಗಾರರಿಗೆ ಅದಕ್ಕೆ ದಿನಗಳೇ ಬೇಕು. ನೀವು ನಾಲ್ಕನೆಯ ದಿನಕ್ಕೇ ಸುಗ್ಗಿ ಶುರು ಮಾಡಿದಿರಿ. ಹುಳಿ ತಯಾರಾಯಿತು, ತಿನ್ನುವವರು ಹುಟ್ಟಿರಲಿಲ್ಲ. ಹುಳಿ ಏರಿದಷ್ಟೂ ಮೀಥೇನ್‌ಗಾರರು ಇನ್ನಷ್ಟು ಸುಸ್ತಾಗುತ್ತಾರೆ. ಈಗ ನಿಮ್ಮ ಟ್ಯಾಂಕನ್ನು ಎತ್ತುತ್ತಿರುವುದು ಬಹುಪಾಲು ಇಂಗಾಲದ ಡೈಆಕ್ಸೈಡ್. ಅದು ಕಡ್ಡಿ ಆರಿಸದೆ ಮತ್ತೇನು ಮಾಡೀತು?

ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ನೋಡುವ ಕಾಗದದ ಪಟ್ಟಿ ತಂದು ಬಗ್ಗಡದಲ್ಲಿ ಅದ್ದಿ ನೋಡಿ. 6.8ರಿಂದ 7.4ರ ನಡುವೆ ಇರಬೇಕು. ನನ್ನ ಊಹೆ 5.5ರ ಸುತ್ತಮುತ್ತ.

ಹೊಸತೊಟ್ಟಿ (ಮರುದಿನ)
5.4.

ಹಳೆಯಡೋಲು
ಲಂಘನಂ ಪರಮೌಷಧಂ. ಕಸ ಪೂರ್ತಿ ಬಂದ್. ಮೂರನೆಯ ಒಂದು ಭಾಗ ಬಗ್ಗಡ ತೆಗೆದು ಗೊಬ್ಬರದ ರಾಶಿಗೆ ಸುರಿಯಿರಿ. ಆ ಜಾಗಕ್ಕೆ ಚೆನ್ನಾಗಿ ನಡೆಯುತ್ತಿರುವ ಬೇರೊಂದು ತೊಟ್ಟಿಯ ಬಗ್ಗಡ ಸಿಕ್ಕರೆ ಉತ್ತಮ. ಇಲ್ಲದಿದ್ದರೆ ಹಸಿ ಸಗಣಿ ಮತ್ತು ನೀರು, ಸಮಸಮ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಈ ಮೀಥೇನ್‌ಗಾರರು ಸದಾ ಇರುತ್ತಾರೆ, ಆದ್ದರಿಂದ ಸಗಣಿಯೇ ಹೆಪ್ಪು. ಸಾವಿರ ಲೀಟರ್‌ಗೆ 40 ಕೆ.ಜಿ. ಎಂದರೆ ಹಂಡೆ ಹಾಲಿಗೆ ಒಂದು ಚಮಚ ಮಜ್ಜಿಗೆ ಹಾಕಿದಂತೆ. ಕ್ಲೋರಿನ್ ಬೆರೆಸಿದ ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಬಳಸಿ.

ಹುಳಿ ಮುರಿಯಲು ಅಡುಗೆ ಸೋಡಾ 200-300 ಗ್ರಾಂ ನೀರಿನಲ್ಲಿ ಕರಗಿಸಿ ಸುರಿಯಿರಿ, ಕಲಕಿ, ಮರುದಿನ ಪಟ್ಟಿ ಅದ್ದಿ ನೋಡಿ, ಬೇಕಿದ್ದರೆ ಮತ್ತೆ ಹಾಕಿ. ಕಿಲೋಗಟ್ಟಲೆ ಒಂದೇ ಸಲ ಬೇಡ, ಸೋಡಿಯಂ ಅತಿಯಾದರೆ ಅದೇ ವಿಷ. ಸುಣ್ಣವೂ ನಡೆಯುತ್ತದೆ, ಆದರೆ ಅದು ಇಂಗಾಲದ ಡೈಆಕ್ಸೈಡನ್ನು ಹೀರಿ ತಳದಲ್ಲಿ ಗಸಿಯಾಗಿ ಕೂರುತ್ತದೆ. ಡೋಲಿಲ್ಲದೆ ನೆಲದೊಳಗೆ ಕಟ್ಟಿದ ಮುಚ್ಚಿದ ಗುಮ್ಮಟದ ತೊಟ್ಟಿಯಾದರೆ (ಡೋಲು ಎಂದರೆ ನಿಮ್ಮ ಬೋರಲು ಹಾಕಿದ ಮೇಲಿನ ಟ್ಯಾಂಕ್) ಆಗ ಒಳಗೆ ನಿರ್ವಾತವೂ ಉಂಟಾಗಬಹುದು. ನಾನಾದರೆ ಸೋಡಾ.

ಈಗ ತುಂಬಿರುವ ಗ್ಯಾಸನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಹೊರಬಿಡಿ. ಬಿಡುವಾಗ ಕೊಳವೆಯ ಬಾಯಿಗೆ ಕಡ್ಡಿ ಹಿಡಿಯುವ ಚಪಲ ಬೇಡ. ಹೊಸ ತೊಟ್ಟಿಯ ಗ್ಯಾಸಿನಲ್ಲಿ ಗಾಳಿ ಬೆರೆತಿರುತ್ತದೆ, ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟಿದ್ದರೆ ಅದು ಉರಿಯುವುದಿಲ್ಲ, ಸಿಡಿಯುತ್ತದೆ.

ಕಸವೇರಸ
ಹೆದರಿಸಿ ಕಸ ಬಂದ್ ಮಾಡಿಸುವ ಅಗತ್ಯವೇನಿದೆ? ಒಂದು ಕೆ.ಜಿ. ಪಿಷ್ಟದಿಂದ 800 ಲೀಟರ್ ಗ್ಯಾಸ್ ಬರುತ್ತದೆ ಎಂದು ನಾನೇ ಓದಿದ್ದೇನೆ. ಸಗಣಿಯಲ್ಲಿ ಅದರ ಲವಲೇಶವೂ ಇಲ್ಲ.

ಲೆಕ್ಕಪುಸ್ತಕ
ನೀವು ಓದಿದ್ದು ಸುಳ್ಳಲ್ಲ. ಪಿಷ್ಟ ಪೂರ್ತಿ ಒಡೆದರೆ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಸಮಸಮ ಬರುತ್ತವೆ, ಕೆ.ಜಿ.ಗೆ ಒಟ್ಟು 830 ಲೀಟರ್ ಆಸುಪಾಸು. ಆದರೆ ಅದು ಒಣ ಪಿಷ್ಟದ ಲೆಕ್ಕ, ಅದೂ ಒಂದು ಕಣವೂ ಉಳಿಯದಂತೆ ಜೀರ್ಣವಾದರೆ. ಅಡುಗೆಮನೆ ಕಸದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬರೀ ನೀರು. ಮನೆಯ ತೊಟ್ಟಿಯಲ್ಲಿ ಕೆ.ಜಿ. ಹಸಿ ಕಸಕ್ಕೆ 70ರಿಂದ 100 ಲೀಟರ್ ಸಿಕ್ಕರೆ ತೃಪ್ತಿಪಡಬೇಕು. ಹಸಿ ಸಗಣಿಯಲ್ಲಿ ಸುಮಾರು 40 ಲೀಟರ್, ಏಕೆಂದರೆ ಒಮ್ಮೆ ಜೀರ್ಣವಾಗಿ ಹೊರಬಂದ ವಸ್ತು ಅದು.

ಒಂದು ಮನೆಯಲ್ಲಿ ದಿನಕ್ಕೆ 2 ಕೆ.ಜಿ. ಕಸ ಎಂದುಕೊಳ್ಳೋಣ. ಚೆನ್ನಾಗಿ ನಡೆದ ದಿನ 200 ಲೀಟರ್ ಗ್ಯಾಸ್. ಒಂದು ಘನಮೀಟರ್ ಬಯೋಗ್ಯಾಸ್ ಹೆಚ್ಚು ಕಡಿಮೆ 0.45 ಕೆ.ಜಿ. ಎಲ್‌ಪಿಜಿಗೆ ಸಮ. ಹಾಗಾದರೆ ನಿಮ್ಮ 200 ಲೀಟರ್ ಎಂದರೆ 90 ಗ್ರಾಂ ಎಲ್‌ಪಿಜಿ. ಒಲೆಯಲ್ಲಿ ಪೋಲಾಗುವುದನ್ನು ಕಳೆದರೆ ಸುಮಾರು 7 ಲೀಟರ್ ನೀರು ಕುದಿಸಬಹುದು. ಸಣ್ಣ ಬರ್ನರ್ ಒಂದು ಗಂಟೆಗಿಂತ ಸ್ವಲ್ಪ ಕಡಿಮೆ ಉರಿಯುತ್ತದೆ. ನಾಲ್ಕೈದು ಜನರ ಪೂರ್ತಿ ಅಡುಗೆಗೆ ಬೇಕಾಗುವುದು ಒಂದು ಘನಮೀಟರ್‌ಗೆ ಹತ್ತಿರ. ಕಸದಿಂದ ಅಡುಗೆಯ ಐದನೆಯ ಒಂದು ಪಾಲು ನಡೆಯುತ್ತದೆ, ಅಷ್ಟೇ. ‘ಸಿಲಿಂಡರ್‌ಗೆ ವಿದಾಯ’ ಎಂದು ಯಾರಾದರೂ ಹೇಳಿದರೆ ಅವರ ಮನೆಯಲ್ಲಿ ದನಗಳು ಎಷ್ಟಿವೆ ಎಂದು ಕೇಳಿ.

ಕಸವೇರಸ
ಐದನೆಯ ಒಂದು ಪಾಲಾದರೂ ಪುಕ್ಕಟೆ ತಾನೇ.

ಲೆಕ್ಕಪುಸ್ತಕ
ಪುಕ್ಕಟೆ ಅಲ್ಲ. ದಿನಕ್ಕೆ ಕಾಲು ಗಂಟೆ ಕಸ ಕೊಚ್ಚುವ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದನ್ನೂ ಬರೆದುಕೊಳ್ಳಿ.

ಒಲೆಯೊಡತಿ
ಅದನ್ನು ಬರೆಯಲು ನಾನಿದ್ದೇನೆ. ನಮ್ಮ ತೊಟ್ಟಿ ಕಟ್ಟಿದವರ ಹೆಸರು ಬೇರೆ, ಆರು ವರ್ಷಗಳಿಂದ ಉಣಿಸುವವಳು ನಾನು. ಹೊಸಬರು ಬರೀ ಟ್ಯಾಂಕಿನ ಅಳತೆ ಕೇಳುತ್ತಾರೆ, ತುತ್ತಿನ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಟ್ಯಾಂಕ್ ಒಂದು ದಿನದ ಕೆಲಸ, ತುತ್ತು ದಿನದಿನದ ಕೆಲಸ.

ಮಿಕ್ಕ ಅಡುಗೆ, ಹಿಟ್ಟು, ಕೊಳೆತ ಹಣ್ಣು, ಪಾತ್ರೆ ತೊಳೆದ ಮೊದಲ ನೀರು (ಸೋಪು ಸೋಕದ್ದು) ಇವೆಲ್ಲ ಸುಲಭವಾಗಿ ಜೀರ್ಣವಾಗುತ್ತವೆ. ತರಕಾರಿ ಸಿಪ್ಪೆಯನ್ನು ಕೊಚ್ಚಿ ಅಥವಾ ರುಬ್ಬಿ ಹಾಕಿದರೆ ಬೇಗ. ಹಾಗೆಯೇ ಎಸೆದರೆ ಮೇಲೆ ತೇಲಿ ಕೆನೆಗಟ್ಟಿ ಗ್ಯಾಸಿನ ದಾರಿಯನ್ನೇ ಮುಚ್ಚುತ್ತದೆ. ಮೊಟ್ಟೆಯ ಸಿಪ್ಪೆ, ಮೂಳೆ, ಗಟ್ಟಿ ಬೀಜ, ನಾರು ತಳ ಹಿಡಿಯುತ್ತವೆ. ನಿಂಬೆ ಜಾತಿಯ ಸಿಪ್ಪೆಯ ಎಣ್ಣೆ ಆ ಜೀವಿಗಳಿಗೆ ಆಗದು, ಒಂದೆರಡು ಸಿಪ್ಪೆಗೆ ಏನೂ ಆಗುವುದಿಲ್ಲ, ಬುಟ್ಟಿಗಟ್ಟಲೆ ಬೇಡ. ಕರಿದ ಎಣ್ಣೆ ಸ್ವಲ್ಪ ಸೇರಿದರೆ ಗ್ಯಾಸ್ ಹೆಚ್ಚು, ಅತಿಯಾದರೆ ಮತ್ತೆ ಇದೇ ಹುಳಿ ಕಾಯಿಲೆ. ಡಿಟರ್ಜೆಂಟ್, ಫಿನೈಲ್, ಔಷಧಿ ತೊಳೆದ ನೀರು ಯಾವತ್ತೂ ಬೇಡ. ಪ್ರತಿಜೀವಕ ಚುಚ್ಚಿಸಿಕೊಂಡ ದನದ ಸಗಣಿಯನ್ನೂ ಕೆಲವು ದಿನ ದೂರವಿಡಿ.

ಇನ್ನೊಂದು ಮಾತು. ಪ್ರತಿದಿನ ಅದೇ ಹೊತ್ತಿಗೆ, ಅಷ್ಟೇ ಅಳತೆ. ಹಬ್ಬದ ಮರುದಿನ ಹತ್ತು ಕೆ.ಜಿ. ಮಿಕ್ಕಿದೆ ಎಂದು ಹತ್ತನ್ನೂ ಸುರಿದರೆ ಇನ್ನೊಂದು ಲಂಘನ ಕಟ್ಟಿಟ್ಟ ಬುತ್ತಿ.

ನೀಲಿಜ್ವಾಲೆ
ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು ನಾನು, ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. 1776ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಮಜ್ಜೋರೆ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕೆದಕಿ, ಮೇಲೆದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು ಉರಿಸಿದ. ನಾವು ಟ್ಯಾಂಕಿನಲ್ಲಿ ಮಾಡುತ್ತಿರುವುದು ಆ ಕೆಸರನ್ನೇ. ಗಾಳಿ ಸೋಕದ ಜಾಗ, ಕೊಳೆಯುವ ವಸ್ತು, ಸಾಕಷ್ಟು ಕಾವು, ಇಷ್ಟು ಸಾಕು.

ಕಾವಿನ ವಿಷಯ ಯಾರೂ ಎತ್ತಿಲ್ಲ. 35 ಡಿಗ್ರಿಯ ಸುತ್ತ ಈ ಜೀವಿಗಳಿಗೆ ಹಿತ. 20ಕ್ಕೆ ಇಳಿದರೆ ಕೆಲಸ ನಿಧಾನ, 10ರ ಕೆಳಗೆ ನಿಂತೇಹೋಯಿತು ಎನ್ನಬಹುದು. ನೆಲದ ಮೇಲಿನ ಸಣ್ಣ ಪ್ಲಾಸ್ಟಿಕ್ ಟ್ಯಾಂಕ್ ರಾತ್ರಿ ಬೇಗ ತಣ್ಣಗಾಗುತ್ತದೆ. ನೆಲದೊಳಗೆ ಕಟ್ಟಿದ ಗುಮ್ಮಟದ ದೊಡ್ಡ ಲಾಭ ಅದೇ, ಮಣ್ಣು ಹೊದಿಕೆಯಾಗುತ್ತದೆ. ಹೊಸತೊಟ್ಟಿಯವರೇ, ಟ್ಯಾಂಕಿಗೆ ಕಪ್ಪು ಬಣ್ಣ ಬಳಿದು ಬಿಸಿಲಿಗೆ ಸರಿಸಿ, ಚಳಿಗಾಲದಲ್ಲಿ ಹುಲ್ಲು ಸುತ್ತಿ.

ಹೊಸತೊಟ್ಟಿ (34ನೇ ದಿನ)
ಬಗ್ಗಡ ಬದಲಿಸಿದೆ, ಸೋಡಾ ಮೂರು ಸಲ ಹಾಕಿದೆ. ಪಿಎಚ್ ಈಗ 6.5. ಹುಳಿ ವಾಸನೆ ಕಡಿಮೆಯಾಗಿ ಕೊಳೆತ ಮೊಟ್ಟೆಯ ವಾಸನೆ ಶುರುವಾಗಿದೆ. ನಿನ್ನೆ ಡೋಲು ತೆಗೆದಿಟ್ಟು, ಟ್ಯಾಂಕಿನ ಮೇಲೆ ಬಗ್ಗಿ ಕೈಯಾರೆ ಕೋಲಿನಿಂದ ಕಲಕಿದೆ. ಸ್ವಲ್ಪ ತಲೆ ಸುತ್ತಿತು. ಬಿಸಿಲಿಗೆ ಇರಬೇಕು.

ಹಳೆಯಡೋಲು
ಬಿಸಿಲಿಗೆ ಅಲ್ಲ! ಇನ್ನೊಮ್ಮೆ ಆ ಟ್ಯಾಂಕಿನೊಳಗೆ ತಲೆ ಬಗ್ಗಿಸಬೇಡಿ.

ಆ ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಅತ್ಯಲ್ಪ ಇದ್ದರೂ ಮೂಗಿಗೆ ತಿಳಿಯುತ್ತದೆ. ಆದರೆ ಹತ್ತು ಲಕ್ಷ ಭಾಗಕ್ಕೆ ನೂರು ಭಾಗ ದಾಟಿದರೆ ಅದು ಮೂಗನ್ನೇ ಮಲಗಿಸುತ್ತದೆ. ವಾಸನೆ ನಿಂತಿತು, ಅಪಾಯ ಕಳೆಯಿತು ಎಂದುಕೊಳ್ಳುವ ಹೊತ್ತಿಗೆ ಮನುಷ್ಯ ಬೀಳುತ್ತಾನೆ. ಜೊತೆಗೆ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಮೀಥೇನ್‌ಗೆ ವಾಸನೆಯೇ ಇಲ್ಲ. ಗುಂಡಿಗೆ ಇಳಿದವನು ಬಿದ್ದ, ಅವನನ್ನು ಎತ್ತಲು ಇಳಿದ ಎರಡನೆಯವನೂ ಬಿದ್ದ: ಈ ಸುದ್ದಿಯನ್ನು ಬೇರೆ ಬೇರೆ ಊರುಗಳ ಹೆಸರಿನಲ್ಲಿ ಎಷ್ಟು ಸಲ ಓದಿಲ್ಲ? ಕಲಕುವುದಾದರೆ ಡೋಲನ್ನು ಕೂತಲ್ಲಿಯೇ ಎಡಕ್ಕೂ ಬಲಕ್ಕೂ ತಿರುಗಿಸಿ, ಕೆನೆ ಒಡೆಯುತ್ತದೆ. ತಳದ ಗಸಿ ತೆಗೆಯಬೇಕಾದರೆ ಹೊರಗೆ ನಿಂತು ಪಂಪಿನಿಂದ ತೆಗೆಯಿರಿ.

ಹೊಸತೊಟ್ಟಿ
ಓದಿ ಕೈಕಾಲು ತಣ್ಣಗಾಯಿತು. ಇನ್ನು ಬಗ್ಗುವುದಿಲ್ಲ.

ಕೊಳಾಯಿಕೆಲಸ
ಪೈಪಿನ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಬಯೋಗ್ಯಾಸ್ ತೊಯ್ದ ಗ್ಯಾಸ್. ಪೈಪಿನಲ್ಲಿ ತಣ್ಣಗಾದೊಡನೆ ನೀರು ಹನಿಯುತ್ತದೆ. ಪೈಪ್ ಎಲ್ಲಾದರೂ ಜೋಕಾಲಿಯಂತೆ ಬಾಗಿದ್ದರೆ ಅಲ್ಲಿ ನೀರು ನಿಂತು ಒಲೆ ‘ಬುಕ್ ಬುಕ್’ ಎಂದು ಆರುತ್ತದೆ. ಆದ್ದರಿಂದ ಪೈಪ್ ಒಂದೇ ಕಡೆಗೆ ಇಳಿಜಾರಾಗಿರಲಿ, ಮೀಟರ್‌ಗೆ ಒಂದು ಸೆಂ.ಮೀ. ಸಾಕು. ಅತಿ ಕೆಳಗಿನ ಜಾಗದಲ್ಲಿ ‘ಟಿ’ (T) ಆಕಾರದ ಪೈಪ್ ತುಂಡು ಜೋಡಿಸಿ, ಅದರ ಕೆಳಗಿನ ಕಾಲನ್ನು ನೀರು ತುಂಬಿದ ಸೀಸೆಯಲ್ಲಿ ಮುಳುಗಿಸಿ. ಹನಿದ ನೀರು ಅಲ್ಲಿಗೆ ಇಳಿಯುತ್ತದೆ. ಒತ್ತಡ ಹೆಚ್ಚಾದರೆ ಗ್ಯಾಸ್ ಅದೇ ನೀರನ್ನು ತಳ್ಳಿಕೊಂಡು ಹೊರಹೋಗುತ್ತದೆ, ಪುಕ್ಕಟೆ ಸುರಕ್ಷಾ ಕವಾಟ. ಸೀಸೆ ಮನೆಯ ಹೊರಗಿರಲಿ.

ಒತ್ತಡದ ಲೆಕ್ಕವೂ ಸರಳ. ನಿಮ್ಮ ಡೋಲಿನ ಅಡ್ಡಳತೆ 95 ಸೆಂ.ಮೀ. ಇದ್ದರೆ ಬಾಯಿಯ ವಿಸ್ತೀರ್ಣ 0.7 ಚದರ ಮೀಟರ್. 20 ಕೆ.ಜಿ.ಯ ಟ್ಯಾಂಕ್ ಅದರ ಮೇಲೆ ಕೂತರೆ ಒತ್ತಡ 3 ಸೆಂ.ಮೀ. ಎತ್ತರದ ನೀರಿನಷ್ಟೂ ಇಲ್ಲ. ಒಲೆಗೆ 8-10 ಸೆಂ.ಮೀ. ಬೇಕು. ಒಟ್ಟು ತೂಕ 60-70 ಕೆ.ಜಿ. ಆಗುವಂತೆ ಇಟ್ಟಿಗೆ ಹೇರಿ, ಸುತ್ತಲೂ ಸಮವಾಗಿ, ಇಲ್ಲದಿದ್ದರೆ ಡೋಲು ಓರೆಯಾಗಿ ಸಿಕ್ಕಿಕೊಳ್ಳುತ್ತದೆ.

ಒಲೆ: ಎಲ್‌ಪಿಜಿ ಒಲೆಯ ಜೆಟ್ (ಗ್ಯಾಸ್ ಹೊರಬರುವ ತೂತು) ಈ ಗ್ಯಾಸಿಗೆ ಸೂಜಿಯ ಕಣ್ಣು. ಒಂದೂವರೆಯಿಂದ ಎರಡು ಮಿ.ಮೀ.ಗೆ ಹಿಗ್ಗಿಸಬೇಕು. ಗಾಳಿಯೂ ಕಡಿಮೆ ಸಾಕು: ಒಂದು ಲೀಟರ್ ಬಯೋಗ್ಯಾಸ್ ಉರಿಯಲು ಆರು ಲೀಟರ್‌ಗಿಂತ ಕಡಿಮೆ ಗಾಳಿ, ಎಲ್‌ಪಿಜಿಗೆ 24ರಿಂದ 30. ಗಾಳಿಯ ಕಿಂಡಿ ಹಾಗೆಯೇ ಬಿಟ್ಟರೆ ಉರಿ ಬರ್ನರ್ ಬಿಟ್ಟು ಮೇಲೆ ಹಾರಿ ಆರುತ್ತದೆ. ಬಯೋಗ್ಯಾಸಿಗೆಂದೇ ಮಾಡಿದ ಒಲೆ ಸಿಕ್ಕರೆ ಅದೇ ಒಳ್ಳೆಯದು. ಜೆಟ್ ಕೊರೆದ ಒಲೆಯನ್ನು ಮರೆತು ಕೂಡ ಮತ್ತೆ ಎಲ್‌ಪಿಜಿಗೆ ಜೋಡಿಸಬೇಡಿ, ಆಳೆತ್ತರ ಉರಿ ಏಳುತ್ತದೆ.

ಸೋರಿಕೆ ಹುಡುಕಲು ಸೋಪಿನ ನೀರು. ಕಡ್ಡಿ ಗೀರಿ ಹುಡುಕುವವರು ನನ್ನನ್ನು ಕರೆಯಬೇಡಿ.

ಹೊಸತೊಟ್ಟಿ (41ನೇ ದಿನ)
ಹತ್ತಿತು!! ಪಿಎಚ್ 7. ಹಗಲಿನಲ್ಲಿ ಉರಿ ಕಾಣಿಸಲಿಲ್ಲ, ಹತ್ತಿಲ್ಲವೆಂದುಕೊಂಡು ಕೈ ಹತ್ತಿರ ಒಯ್ದು ಸುಟ್ಟುಕೊಂಡೆ. ದೀಪ ಆರಿಸಿ ನೋಡಿದರೆ ತಿಳಿ ನೀಲಿ. ಹನ್ನೆರಡು ನಿಮಿಷ ಉರಿಯಿತು. ಮನೆಯವರು ನಗುವುದನ್ನು ಬಿಟ್ಟು ಪಾತ್ರೆ ತಂದಿಟ್ಟರು.

ಒಲೆಯೊಡತಿ
ಈಗಲೇ ಆತುರ ಬೇಡ. ಈ ವಾರ ದಿನಕ್ಕೆ 200 ಗ್ರಾಂ, ಮುಂದಿನ ವಾರ 400. ಹೀಗೆ ಏರಿಸುತ್ತಾ ಎರಡು ಕೆ.ಜಿ.ಗೆ ನಿಲ್ಲಿಸಿ. ಉರಿ ಹಳದಿ ಆದರೆ ಗಾಳಿ ಸಾಲದು ಎಂದರ್ಥ, ಕಿಟಕಿ ತೆರೆದಿಡಿ.

ದಾರಿಹೋಕ
ಹೆಚ್ಚಾದ ಗ್ಯಾಸನ್ನು ಹಳೆಯ ಸಿಲಿಂಡರ್‌ಗೆ ತುಂಬಿಟ್ಟುಕೊಳ್ಳಬಹುದೇ?

ಲೆಕ್ಕಪುಸ್ತಕ
ಬೇಡ. ಎಲ್‌ಪಿಜಿ ಒತ್ತಿದರೆ ದ್ರವವಾಗುತ್ತದೆ, ಆದ್ದರಿಂದ ಸಣ್ಣ ಸಿಲಿಂಡರ್‌ನಲ್ಲಿ ತಿಂಗಳ ಉರುವಲು ಹಿಡಿಯುತ್ತದೆ. ಮೀಥೇನ್ ಮೈನಸ್ 82 ಡಿಗ್ರಿಗಿಂತ ಬಿಸಿಯಿದ್ದರೆ ಎಷ್ಟು ಒತ್ತಿದರೂ ದ್ರವವಾಗುವುದಿಲ್ಲ. 30 ಲೀಟರ್ ಸಿಲಿಂಡರ್‌ಗೆ ಎಂಟು ಪಟ್ಟು ಒತ್ತಿ ತುಂಬಿದರೂ ಸಿಗುವುದು 240 ಲೀಟರ್, ಒಂದು ಗಂಟೆಯ ಉರಿ. ಅದಕ್ಕಾಗಿ ತೇವವೂ ಸಲ್ಫೈಡೂ ಇರುವ ಗ್ಯಾಸನ್ನು ಕಬ್ಬಿಣದಲ್ಲಿ ಒತ್ತಿಟ್ಟು ತುಕ್ಕು ಹಿಡಿಸಿ ಅಪಾಯ ತಂದುಕೊಳ್ಳುವುದು ಯಾಕೆ? ಹೆಚ್ಚಾದರೆ ನೀರು ಕಾಯಿಸಿ.

ಹೆಚ್ಚಾದದ್ದನ್ನು ಸುಮ್ಮನೆ ಹೊರಬಿಡುವುದೂ ಸರಿಯಲ್ಲ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 27 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ, ಇಪ್ಪತ್ತು ವರ್ಷದ ಲೆಕ್ಕದಲ್ಲಿ 80ರ ಆಸುಪಾಸು. ನನಗೆ ಈ ಎರಡು ಟ್ಯಾಂಕಿನ ಮಾದರಿಯ ಮೇಲೆ ತಕರಾರು ಇರುವುದು ಇಲ್ಲಿಯೇ. ಹೊರ ಟ್ಯಾಂಕಿನ ಅಡ್ಡಳತೆ 110 ಸೆಂ.ಮೀ., ಡೋಲಿನದು 95 ಎಂದರೆ ಬಗ್ಗಡದ ಮೇಲ್ಮೈಯ ಕಾಲುಭಾಗ ಆಕಾಶಕ್ಕೆ ತೆರೆದಿದೆ. ಆ ಉಂಗುರದ ಕೆಳಗೆ ಹುಟ್ಟುವ ಗ್ಯಾಸ್ ನಿಮ್ಮ ಒಲೆಗೆ ಬರುವುದೇ ಇಲ್ಲ. ಅದನ್ನೂ ಸೇರಿಸಿದರೆ ಚೆನ್ನಾಗಿ ಮಗುಚುವ ಗೊಬ್ಬರದ ರಾಶಿಯೇ ಹವಾಮಾನಕ್ಕೆ ಮೇಲು ಎಂದು ವಾದಿಸಬಹುದು.

ಹಳೆಯಡೋಲು
ಈ ಸಲ ಲೆಕ್ಕಪುಸ್ತಕದವರ ಮಾತು ಒಪ್ಪುತ್ತೇನೆ, ಗೊಬ್ಬರದ ರಾಶಿಯ ಮಾತನ್ನಲ್ಲ, ಉಂಗುರದ ಮಾತನ್ನು. ಅದಕ್ಕೆ ಪರಿಹಾರ ನೀರಿನ ಅಂಗಿ: ಡೋಲಿನ ಅಂಚು ಬಗ್ಗಡದಲ್ಲಿ ಅಲ್ಲ, ಸುತ್ತಲಿನ ಎರಡು ಗೋಡೆಗಳ ನಡುವಿನ ನೀರಿನಲ್ಲಿ ಏರಿಳಿಯುತ್ತದೆ. ಬಗ್ಗಡ ಒಂದಿಷ್ಟೂ ಹೊರಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ. ಆ ನೀರಿನಲ್ಲಿ ಸೊಳ್ಳೆ ಮರಿ ಹಾಕದಂತೆ ನೋಡಿಕೊಳ್ಳಬೇಕು, ಅಷ್ಟೇ. ಎರಡನೆಯ ತೊಟ್ಟಿ ಕಟ್ಟುವವರು ಹೀಗೇ ಕಟ್ಟಿ. ಮೊದಲನೆಯದನ್ನು ಎಲ್ಲರೂ ತಪ್ಪಾಗಿಯೇ ಕಟ್ಟುತ್ತಾರೆ, ನಾನೂ ಕಟ್ಟಿದ್ದೆ.

ನೀಲಿಜ್ವಾಲೆ
ವಾಸನೆ ಒಲೆಯಲ್ಲಿಯೂ ಬರುತ್ತಿದ್ದರೆ, ಪೈಪಿನ ನಡುವೆ ಒಂದು ಡಬ್ಬಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ನಾರನ್ನು ಸಡಿಲವಾಗಿ ತುಂಬಿಡಿ. ತುಕ್ಕು ಸಲ್ಫೈಡನ್ನು ಹಿಡಿದುಕೊಂಡು ಕಪ್ಪಾಗುತ್ತದೆ. ಹೊರತೆಗೆದಾಗ ಗಾಳಿ ಸೋಕಿ ತಾನಾಗಿ ಬಿಸಿಯಾಗಿ ಕೆಂಡ ಹಿಡಿಯಬಹುದು, ತೆಗೆದ ಕೂಡಲೇ ನೀರಿನಲ್ಲಿ ಅದ್ದಿ.

ಬೇರುಮಣ್ಣು
ಎಲ್ಲರೂ ಉರಿಯ ಹಿಂದೆ ಬಿದ್ದಿದ್ದೀರಿ, ಬಗ್ಗಡ ಯಾರಿಗೂ ಬೇಡವಾಯಿತೇ? ನನಗೆ ಗ್ಯಾಸೇ ಉಪ ಉತ್ಪನ್ನ. ಗ್ಯಾಸಾಗಿ ಹೋಗುವುದು ಮುಖ್ಯವಾಗಿ ಇಂಗಾಲ ಮತ್ತು ಜಲಜನಕ, ಸಾರಜನಕ ಬಗ್ಗಡದಲ್ಲಿಯೇ ಉಳಿಯುತ್ತದೆ, ಅದೂ ಗಿಡಕ್ಕೆ ಬೇಗ ಸಿಗುವ ಅಮೋನಿಯಂ ರೂಪದಲ್ಲಿ. ಬಿಸಿಲಿನಲ್ಲಿ ಒಣಗಿಸಿದರೆ ಅದು ಹಾರಿಹೋಗುತ್ತದೆ. ಮೂರು ನಾಲ್ಕು ಪಟ್ಟು ನೀರು ಬೆರೆಸಿ, ಸಂಜೆ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ. ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ಸುರಿಯಬೇಡಿ. ಈ ತೊಟ್ಟಿಯ ಕಾವಿಗೆ ರೋಗಾಣುಗಳು ಕಡಿಮೆಯಾಗುತ್ತವೆ, ಪೂರ್ತಿ ಸಾಯುವುದಿಲ್ಲ, ಜಂತುಹುಳುವಿನ ಮೊಟ್ಟೆಗಳಂತೂ ಗಟ್ಟಿ. ಶೌಚಾಲಯವನ್ನು ತೊಟ್ಟಿಗೆ ಜೋಡಿಸಿದವರು ಇನ್ನೂ ಎಚ್ಚರವಾಗಿರಬೇಕು.

ಹೊಸತೊಟ್ಟಿ (78ನೇ ದಿನ)
ವರದಿ: ದಿನಕ್ಕೆ 1.8 ಕೆ.ಜಿ. ಕಸ, ಕೊಚ್ಚಿದ್ದು (ಕೊಚ್ಚುವವನು ನಾನೇ, ಒಲೆಯೊಡತಿಯವರ ಗಮನಕ್ಕೆ). ಒಲೆ 40 ನಿಮಿಷ ಉರಿಯುತ್ತದೆ, ಮೋಡವಿದ್ದ ದಿನ 30. ಪಕ್ಕದ ಮನೆಯವರ ಕಸವನ್ನು ವಾಪಸ್ ಕೊಟ್ಟುಬಿಟ್ಟೆ, ಬೇಸರ ಮಾಡಿಕೊಂಡರು. ಒಂದು ಪ್ರಶ್ನೆ: ಮುಂದಿನ ವಾರದಿಂದ ಹದಿನೈದು ದಿನ ಮನೆಯಲ್ಲಿ ಯಾರೂ ಇರುವುದಿಲ್ಲ. ಉಣಿಸಲು ಯಾರನ್ನಾದರೂ ಒಪ್ಪಿಸಬೇಕೇ?

ಕಸವೇರಸ
ಹೊರಡುವ ದಿನ ಹದಿನೈದು ದಿನದ್ದನ್ನು ಒಟ್ಟಿಗೆ… ಬೇಡ, ಬೇಡ. ಈ ಸಲ ನಾನೇ ಹಿಂತೆಗೆದುಕೊಂಡೆ.

ಹಳೆಯಡೋಲು
ಯಾರೂ ಬೇಡ. ಹದಿನೈದು ದಿನದ ಹಸಿವು ಅವಕ್ಕೆ ಏನೂ ಅಲ್ಲ, ಅತಿಯಾದ ಊಟವೇ ಅಪಾಯ. ಹೊರಡುವ ಹಿಂದಿನ ದಿನ ಕಸ ಹಾಕಬೇಡಿ, ಇರುವ ಗ್ಯಾಸನ್ನು ಉರಿಸಿ ಮುಗಿಸಿ, ಒಲೆಯ ಕವಾಟ ಮುಚ್ಚಿ. ಸೀಸೆಯ ನೀರು ಆರಿದರೆ ಗ್ಯಾಸ್ ಸದ್ದಿಲ್ಲದೆ ಸೋರುತ್ತದೆ, ತುಂಬಿಸಿ ಹೋಗಿ. ಬಂದ ಮೇಲೆ ಮೂರು ದಿನ ಅರ್ಧ ತುತ್ತು.

ಹೊಸತೊಟ್ಟಿ
ಸೀಸೆಗೆ ನೀರು ತುಂಬಿ, ಆರದಿರಲಿ ಎಂದು ಮೇಲೆ ಒಂದು ಹನಿ ಎಣ್ಣೆ ಬಿಟ್ಟಿದ್ದೇನೆ. ಬಂದ ಮೇಲೆ ಪಿಎಚ್ ಬರೆಯುತ್ತೇನೆ.